ಕಲ್ಲು ಹಿಡಿದ ಮಾತು

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಆ ಮನೆಯ ಹಳೆಯ ಲಗ್ನಪತ್ರಿಕೆಗಳನ್ನು ಕೇಳುತ್ತಾರೆ. ಪತ್ರಿಕೆಯ ನಡುವೆ ಇರುವುದನ್ನು ಯಾರೂ ಓದುವುದಿಲ್ಲ. ಗಣಪತಿ, ಮುಹೂರ್ತ, ಸುಖಾಗಮನ ಬಯಸುವವರು, ಎಲ್ಲ ಮನೆಗಳಲ್ಲೂ ಅದೇ. ಕಣ್ಣು ಹೋಗುವುದು ಅಂಚಿಗೆ. 'ಗಂಡಿಗೆ ಮೀಸೆ ಬಿಟ್ರೆ ಬೇರೆ ಆಸ್ತಿ ಇಲ್ಲ' ಎಂದು ಯಾರೋ ಸೋದರತ್ತೆ ಅಂದದ್ದು, 'ಆ ಹಸಿರು ಸೀರೆ ನಂಗೆ ಅಂತ ಹೇಳಿ ಅವಳಿಗೆ ಉಡಿಸಿದ್ರು' ಎಂದು ಚಿಕ್ಕಮ್ಮ ಗೊಣಗಿದ್ದು, ಎಲ್ಲ ಅಲ್ಲಿರುತ್ತದೆ. ಪತ್ರಿಕೆ ಅಚ್ಚು ಹಾಕುವ ಕಲ್ಲಿನ ಪಕ್ಕ ನಿಂತು ಆಡಿದ ಮಾತನ್ನು ಕಲ್ಲು ಹಿಡಿದುಕೊಳ್ಳುತ್ತದೆ, ಹಿಡಿದದ್ದು ಅಚ್ಚಾಗುತ್ತದೆ. ನಮ್ಮ ಗುಡ್ಡದ ಕಲ್ಲು ಹಾಗೆ.

ಎಲ್ಲ ಮಾತನ್ನೂ ಹಿಡಿಯುವುದಿಲ್ಲ. ಕಲ್ಲಚ್ಚು ಎಂದರೆ ಜಿಡ್ಡು ಮತ್ತು ನೀರಿನ ಕೆಲಸ. ನುಣ್ಣಗೆ ಉಜ್ಜಿದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ತಿರುವುಮುರುವಾಗಿ ಬರೆಯಬೇಕು, ಗೋಂದು ಬಳಿಯಬೇಕು, ನೀರಿನಲ್ಲಿ ಒರೆಸಿ ಶಾಯಿಯ ಉರುಳೆ ಉರುಳಿಸಬೇಕು. ಜಿಡ್ಡಿದ್ದಲ್ಲಿ ಶಾಯಿ ಕೂರುತ್ತದೆ, ನೀರಿದ್ದಲ್ಲಿ ಕೂರುವುದಿಲ್ಲ. ಮಾತಿಗೂ ಅದೇ ಲೆಕ್ಕ. 'ಬಿಸಿಲು ಜಾಸ್ತಿ' ಎನ್ನುವಂಥ ಒಣ ಮಾತು ನೀರಿನ ಜೊತೆ ಹೊರಟುಹೋಗುತ್ತದೆ. ಹೊಟ್ಟೆಕಿಚ್ಚು, ಆಸೆ, ಸಿಟ್ಟು ಏನಾದರೂ ಸೇರಿದ್ದರೆ ಕೂತುಬಿಡುತ್ತದೆ. ಗೋಂದು ಬಳಿದ ಮೇಲೆ ಮಾತ್ರ ನೀವು ಏನು ಬೇಕಾದರೂ ಅನ್ನಬಹುದು, ಕಲ್ಲಿಗೆ ಕೇಳಿಸುವುದಿಲ್ಲ. ಇನ್ನೊಂದು, ಒಬ್ಬೊಬ್ಬರ ಮಾತಿಗೂ ಒಂದೊಂದು ಬರಹ. ಹೂ ಮಾರುವ ಸುಬ್ಬಕ್ಕನ ಮಾತು ಗಾಳಿಗೆ ಸಿಕ್ಕ ಪೈರಿನಂತೆ ಒಂದೇ ಕಡೆ ಬಾಗಿರುತ್ತದೆ. ಪುರಸಭೆ ಅಧ್ಯಕ್ಷರಾದ ಮಲ್ಲರಾಜಯ್ಯನವರದು ಪ್ರತಿ ಅಕ್ಷರಕ್ಕೂ ಹೊಟ್ಟೆ. ನೋಡಿದ ಕೂಡಲೇ ಇದು ಇಂಥವರ ಬಾಯಿ ಎಂದು ಊರಿಗೆಲ್ಲ ಗೊತ್ತಾಗುತ್ತದೆ.

ಹಾಗಾಗಿ ನಮ್ಮವರು ಅಚ್ಚುಕೂಟದ ಬೀದಿಗೆ ಬಂದರೆ ಮಳೆ ಗಾಳಿಯ ಮಾತು ಮಾತ್ರ ಆಡುತ್ತಾರೆ. ಗಂಡ ಹೆಂಡತಿ ಜಗಳವಾಡುತ್ತ ಬಂದವರು ಹಿಟ್ಟಿನ ಗಿರಣಿಯ ಹತ್ತಿರ ಜಗಳ ನಿಲ್ಲಿಸಿ, 'ಗಾಳಿ ಬೀಸ್ತಿದೆ ಅಲ್ವಾ', 'ಹೂಂ, ಬೀಸ್ತಿದೆ' ಎಂದುಕೊಂಡು ನಮ್ಮ ಬಾಗಿಲು ದಾಟಿ, ಆಚೆ ಅಂಚೆ ಡಬ್ಬಿಯ ಹತ್ತಿರ ಬಿಟ್ಟಲ್ಲಿಂದ ಮತ್ತೆ ಶುರು ಮಾಡುತ್ತಾರೆ. ಇನ್ನು ಕೆಲವರಿಗೆ ಬೇಕಾದದ್ದೇ ಅದು. ಸೊಸೆಯ ತವರಿನ ಪತ್ರಿಕೆ ಅಚ್ಚಾಗುತ್ತಿದೆ ಎಂದು ಗೊತ್ತಾದರೆ ಅತ್ತೆಯಾದವಳು ಕಿಟಕಿಯ ಹತ್ತಿರ ಬಂದು, ಕಾಲಿಗೆ ಮುಳ್ಳು ಚುಚ್ಚಿದಂತೆ ಬಗ್ಗಿ, ಒಂದು ಮಾತನ್ನು ಒಳಗೆ ಎಸೆದು ಹೋಗುತ್ತಾಳೆ. ಯಜಮಾನಿ ಚೆನ್ನಾಜಮ್ಮನವರು ಕಿಟಕಿಗೆ ಗೋಣಿತಾಟು ಹೊಡೆಸಿದ್ದರು. ಗೋಣಿಯ ಸಂದಿಯಲ್ಲೂ ಮಾತು ನುಸುಳುತ್ತಿತ್ತು.

ನನಗೆ ಆ ಅಚ್ಚುಕೂಟದಲ್ಲಿ ಕೆಲಸ ಸಿಕ್ಕಿದ್ದು ಮಾತಾಡದೇ ಇದ್ದದ್ದರಿಂದ. ನಾನು ಮೂಕಿಯಲ್ಲ. ಬಾಯಿ ಇದೆ, ಅದು ತೆರೆಯುವ ಹೊತ್ತಿಗೆ ಎದುರಿನವರು ಎದ್ದು ಹೋಗಿರುತ್ತಾರೆ, ಅಷ್ಟೇ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ 'ದೇವೀರಿ' ಎಂದರೆ, ನನ್ನ ನಾಲಿಗೆ ಸಿದ್ಧವಾಗುವಷ್ಟರಲ್ಲಿ ಅವರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಮುಂದಿನ ಸಾಲಿನಲ್ಲಿ ಅವರ ಮೂಗಿನ ಕೆಳಗೆ ಕೂತುಕೊಂಡೇ ನಾನು ಗೈರುಹಾಜರಾಗಿದ್ದೆ. ಏಳನೆಯ ತರಗತಿಯಲ್ಲಿ ಹಾಜರಿ ಸಾಲದು ಎಂದು ಪರೀಕ್ಷೆಗೆ ಕೂರಿಸಲಿಲ್ಲ. ಮನೆಗೆ ಬಂದೆ.

ನನ್ನನ್ನು ಸಾಕಿದ ಅತ್ತೆಗೆ ಬಸ್ ನಿಲ್ದಾಣದಲ್ಲಿ ಬಳೆ ಅಂಗಡಿ ಇದೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ 'ಬಾ ಅಕ್ಕಾ, ನೋಡು ಅಕ್ಕಾ, ಕೈ ಕೊಡು ಅಕ್ಕಾ' ಎಂದು ಕೂಗಬೇಕು. ಅತ್ತೆ ನನ್ನನ್ನು ಕೂರಿಸಿ ನೋಡಿದಳು. ಬಂದವರು ಬಳೆ ನೋಡಿ, ನನ್ನ ಮುಖ ನೋಡಿ, ಅಂಗಡಿ ತೆರೆದಿಲ್ಲ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಬಸ್ಸಿನಿಂದ ಇಳಿದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ ಎನಿಸಿ ನನಗೆ ಜ್ವರ ಬಂತು. ಕೊನೆಗೆ ಅತ್ತೆ ನನ್ನ ಕೈ ಹಿಡಿದು ಚೆನ್ನಾಜಮ್ಮನವರ ಜಗಲಿಗೆ ಎಳೆದುಕೊಂಡು ಹೋದಳು.

"ಅಮ್ಮಾವ್ರೇ, ಇವಳ ಬಾಯಲ್ಲಿ ಗುಬ್ಬಿ ಗೂಡು ಕಟ್ಟಿದ್ರೂ ಮರಿ ಹಾರೋ ತನ್ಕ ಏನೂ ತೊಂದ್ರೆ ಆಗಲ್ಲ. ನಿಮ್ಮಲ್ಲಿ ಇಟ್ಕಳಿ."

ಚೆನ್ನಾಜಮ್ಮನವರು ನನ್ನನ್ನು ಹೊಸದಾಗಿ ಉಜ್ಜಿದ ಕಲ್ಲಿನ ಪಕ್ಕ ಒಂದು ಬೆಳಗ್ಗೆಯೆಲ್ಲ ಕೂರಿಸಿದರು. ಆಮೇಲೆ ಶಾಯಿ ಉರುಳಿಸಿ ಒಂದು ಹಾಳೆ ಒತ್ತಿ ತೆಗೆದು, ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಹಾಲಿನಂತೆ ಬೆಳ್ಳಗಿತ್ತು. "ನಿಟ್ಟುಸಿರೂ ಬಿಟ್ಟಿಲ್ಲವಲ್ಲೇ ಹುಡುಗಿ" ಎಂದು, ನನ್ನ ಕೈಗೆ ಮರಳಿನ ಬಟ್ಟಲು ಕೊಟ್ಟರು.

ಕಲ್ಲು ಉಜ್ಜುವುದು ನನ್ನ ಕೆಲಸ. ಕಲ್ಲಿನ ಮೇಲೆ ಮರಳು, ನೀರು ಹಾಕಿ ಇನ್ನೊಂದು ಕಲ್ಲನ್ನು ಅದರ ಮೇಲೆ ಬೋರಲು ಹಾಕಿ ಸುತ್ತಿಸುತ್ತ ಹೋದರೆ ಹಳೆಯದೆಲ್ಲ ಬೂದು ಕೆಸರಾಗಿ ಹರಿದುಹೋಗುತ್ತದೆ. ಕೆಳಗೆ ಬೆಣ್ಣೆಯ ಬಣ್ಣದ ಹೊಸ ಮುಖ ಬರುತ್ತದೆ. ಚೆಲುವಯ್ಯನವರು ಅದರ ಮೇಲೆ ಬರೆದು ಚಿತ್ರ ತೆಗೆಯುತ್ತಾರೆ. ಮಾತು ಬಾಯಿಗೆ ಬರದಿರಲಿ ಎಂದು ಅವರು ಸದಾ ಎಲೆ ಅಡಿಕೆ ತುಂಬಿಕೊಂಡಿರುತ್ತಾರೆ. ಅವರು ಎದ್ದ ಮೇಲೆ ಗೋಂದು ಬಳಿಯುವುದು ಮತ್ತೆ ನನ್ನ ಕೆಲಸ, ಚಕ್ರ ತಿರುಗಿಸುವುದು ಯಜಮಾನಿಯವರದು. ಒಳಗೆ ನಮ್ಮದೆಲ್ಲ ಕೈಸನ್ನೆ. ಕಿವಿ ಎಳೆದರೆ ಕಾಗದ, ಮೂಗು ಮುಟ್ಟಿದರೆ ನೀರು, ಎರಡೂ ಒಟ್ಟಿಗೆ ಮಾಡಿದರೆ ಕಾಫಿ. ಜಗತ್ತಿನಲ್ಲಿ ನನಗಾಗಿಯೇ ಯಾರೋ ಕಟ್ಟಿಸಿದ ಜಾಗ ಅದು ಎನ್ನಿಸುತ್ತಿತ್ತು.

ಹಾಳಾದದ್ದು ಕಂದಾಯದ ನೋಟೀಸಿನಿಂದ. ಮನೆ ಕಂದಾಯ ಕಟ್ಟಿರೆಂದು ಪುರಸಭೆಯ ನೋಟೀಸು ಬರೆದು ಕಲ್ಲು ಸಿದ್ಧವಾಗಿದ್ದಾಗ ಮಲ್ಲರಾಜಯ್ಯನವರು ಪರೀಕ್ಷಿಸಲು ಒಳಗೆ ಬಂದರು. ಮಾತಾಡಬಾರದೆಂದು ಅವರಿಗೂ ಗೊತ್ತು, ತುಟಿ ಬಿಗಿಹಿಡಿದೇ ಇದ್ದರು. ಅಷ್ಟರಲ್ಲಿ ಎದುರಿನ ಮನೆಯ ಒಗ್ಗರಣೆ ವಾಸನೆ ಬಂತು. ಅವರಿಗೆ ಗೊತ್ತಿಲ್ಲದೆ ಒಂದು ಮಾತು ಜಾರಿತು. ಮಾರನೆಯ ದಿನ ಊರಿನ ಗೋಡೆಗಳ ಮೇಲೆಲ್ಲ, ಪುರಸಭೆಯ ಮೊಹರಿನ ಕೆಳಗೆ, ಹೊಟ್ಟೆಯ ಅಕ್ಷರಗಳಲ್ಲಿ ಹೀಗೆ ಇತ್ತು: 'ಕಟ್ಟಿದ್ರೆ ಕಟ್ಲಿ ಬಿಟ್ರೆ ಬಿಡ್ಲಿ, ಮೊದ್ಲು ಊಟ.'

ಊರಿನವರು ಅದನ್ನು ಆಜ್ಞೆಯೆಂದೇ ತೆಗೆದುಕೊಂಡು ಊಟ ಮಾಡಿದರು. ಕಂದಾಯ ಯಾರೂ ಕಟ್ಟಲಿಲ್ಲ. ಕೇಳಲು ಹೋದ ಜವಾನನಿಗೆ "ಸ್ವಾಮಿ, ಇನ್ನೂ ಊಟ ಆಗಿಲ್ಲ" ಎಂದು ಕಳಿಸಿದರು.

ಮಲ್ಲರಾಜಯ್ಯನವರು ಪೇಟೆಯಿಂದ ಅಚ್ಚಿನ ಮಷಿನ್ ಮಾರುವವರೊಬ್ಬರನ್ನು ಕರೆಸಿದರು. ಇಮ್ತಿಯಾಜ್ ಎಂದು ಹೆಸರು. ಹೊಳೆಯುವ ಬೂಟು, ಒಳ್ಳೆಯ ನಗು. ಜಗಲಿಯ ಮೇಲೆ ಕೂತು ನಮಗೆಲ್ಲ ಬಿಡಿಸಿ ಹೇಳಿದರು. "ಅಮ್ಮಾ, ನಿಮ್ಮದೂ ನಮ್ಮದೂ ಒಂದೇ ವಿದ್ಯೆ. ಅದೇ ಜಿಡ್ಡು, ಅದೇ ನೀರು. ಕಲ್ಲಿನ ಬದಲು ತೆಳ್ಳನೆಯ ತಗಡು, ಅಷ್ಟೇ. ಪಠ್ಯಪುಸ್ತಕ, ಪೇಪರು, ಬಿಸ್ಕತ್ತಿನ ಪೊಟ್ಟಣ, ಎಲ್ಲ ಇದರಲ್ಲೇ ಆಗೋದು. ಇದು ನೋಡಿ, ಈ ಫೋನು. ಇದರ ಒಳಗೆ ಉಗುರಿಗಿಂತ ಚಿಕ್ಕದೊಂದು ಬಿಲ್ಲೆ ಇದೆ. ಮರಳನ್ನು ಶುದ್ಧಿ ಮಾಡಿ ಬಿಲ್ಲೆ ಕೊಯ್ದು, ಅದರ ಮೇಲೆ ಬೆಳಕಿನಲ್ಲಿ ಗೆರೆ ಬರೀತಾರೆ. ಅದರ ಹೆಸರೂ ಕಲ್ಲಚ್ಚೇ."

"ಮರಳಿನ ಮೇಲಾ?" ಎಂದರು ಚೆನ್ನಾಜಮ್ಮನವರು.

"ಮರಳಿನ ಮೇಲೇ."

ನಾನು ಬಾಗಿಲ ಸಂದಿಯಲ್ಲಿ ನಿಂತು ನನ್ನ ಉಗುರಿನಲ್ಲಿ ಸಿಕ್ಕಿಕೊಂಡಿದ್ದ ಮರಳನ್ನು ನೋಡಿಕೊಂಡೆ. ಅದು ಫೋನಾಗುವ ಲಕ್ಷಣ ಕಾಣಲಿಲ್ಲ.

"ಮಾತು?" ಎಂದು ಮಲ್ಲರಾಜಯ್ಯನವರು ಕೇಳಿದರು.

"ತಗಡಿಗೆ ಕಿವಿ ಎಲ್ಲಿದೆ ಸಾರ್. ಪಕ್ಕದಲ್ಲಿ ನಿಂತು ನೀವು ಭಾಷಣ ಮಾಡಿದ್ರೂ ಒಂದು ಚುಕ್ಕೆ ಬರಲ್ಲ."

ಕಲ್ಲು ಹೇಗೆ ಹಿಡಿಯುತ್ತದೆ ನೋಡೋಣ ಎಂದು ಅವರು ಒಳಗೂ ಬಂದರು. ಉಜ್ಜಿದ ಕಲ್ಲಿನ ಮುಂದೆ ನಿಂತು ತಮ್ಮ ಕಂಪನಿಯ ಗುಣಗಾನವನ್ನು ಒಂದು ತಾಸು ಮಾಡಿದರು. ಶಾಯಿ ಹಚ್ಚಿ ಒತ್ತಿ ತೆಗೆದಾಗ ಹಾಳೆಯೆಲ್ಲ ಖಾಲಿ. ಕೆಳಗೆ ಮೂಲೆಯಲ್ಲಿ ಮಾತ್ರ, ಸಣ್ಣ ದುಂಡು ಅಕ್ಷರಗಳಲ್ಲಿ, 'ಅಯ್ಯೋ, ಈ ಬೂಟು ಕಚ್ತಾ ಇದೆ' ಎಂದಿತ್ತು. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಜಗಲಿಗೆ ಬಂದು ಬೂಟು ಬಿಚ್ಚಿ ಕೂತರು.

ನಮೂನೆಗೆಂದು ಸುಬ್ಬಕ್ಕನ ಮಗಳ ಲಗ್ನಪತ್ರಿಕೆಯನ್ನು ಅವರು ಪೇಟೆಯಲ್ಲಿ ಪುಕ್ಕಟೆ ಅಚ್ಚು ಹಾಕಿಸಿ ಕಳಿಸಿದರು. ಬಣ್ಣ ಬಣ್ಣದ ಪತ್ರಿಕೆ, ಅಂಚು ಸ್ವಚ್ಛ. ಊರಿನವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಗಾಬರಿಯಾದರು. ಮದುವೆ ಮನೆಯಲ್ಲಿ ಒಬ್ಬರೂ ಒಂದು ಮಾತೂ ಆಡಿಲ್ಲ ಎಂದರೆ ಏನರ್ಥ? ಸಂಜೆಯ ಹೊತ್ತಿಗೆ ನೆಂಟರು ಸುಬ್ಬಕ್ಕನ ಮನೆಗೆ ಮೆಲ್ಲಗೆ ಬಂದು, ಧ್ವನಿ ಇಳಿಸಿ, "ಏನಾಯ್ತವ್ವಾ? ಯಾರಿಗೆ ಏನಾಯ್ತು?" ಎಂದು ಕೇಳತೊಡಗಿದರು. ಗಂಡಿನ ಕಡೆಯವರು ಮನೆಯಲ್ಲಿ ಸೂತಕವೇನಾದರೂ ಮುಚ್ಚಿಟ್ಟಿದ್ದಾರಾ ಎಂದು ನೋಡಲು ಒಬ್ಬ ಮುದುಕನನ್ನು ಕಳಿಸಿದರು. ಸುಬ್ಬಕ್ಕ ಬಾಗಿಲಲ್ಲಿ ನಿಂತು, ಅಳಿಯನ ಅಕ್ಕನ ಬಗ್ಗೆ ತನಗಿದ್ದ ಅಭಿಪ್ರಾಯವನ್ನು ಬೀದಿಗೆಲ್ಲ ಕೇಳುವಂತೆ ಹೇಳಿದ ಮೇಲೆಯೇ ಎಲ್ಲರಿಗೂ ಸಮಾಧಾನವಾದದ್ದು.

ಇಷ್ಟಾದರೂ ಮಲ್ಲರಾಜಯ್ಯನವರು ಪಟ್ಟು ಬಿಡಲಿಲ್ಲ. "ತಗಡಿನ ಮಷಿನ್ ತಂದ್ರೆ ಪುರಸಭೆ ಕೆಲಸ ನಿಮ್ದು ಚೆನ್ನಾಜಮ್ಮ. ಇಲ್ಲಾಂದ್ರೆ ಎಲ್ಲ ಪೇಟೆಗೆ." ಇಮ್ತಿಯಾಜ್ ಕಲ್ಲುಗಳನ್ನೇ ತೆಗೆದುಕೊಂಡು ಮಷಿನ್ ಕೊಡುವುದಾಗಿ ಒಪ್ಪಿದರು. ಪೇಟೆಯಲ್ಲಿ ಚಿತ್ರ ಬರೆಯುವವರು ಈಗಲೂ ಕಲ್ಲಿನ ಮೇಲೆ ಬರೆಯಲು ಹಾತೊರೆಯುತ್ತಾರಂತೆ, ಒಳ್ಳೆಯ ಕಲ್ಲು ಎಲ್ಲೂ ಸಿಗುವುದಿಲ್ಲವಂತೆ. ಮಷಿನ್ ನಡೆಸಲು ಪೇಟೆಯಿಂದ ಒಬ್ಬ ಬರುತ್ತಾನಂತೆ. ತಗಡನ್ನು ಯಾರೂ ಉಜ್ಜಬೇಕಾಗಿಲ್ಲವಂತೆ. ಸುದ್ದಿ ಕೇಳಿ ಅತ್ತೆ ಬಳೆ ಅಂಗಡಿಯಲ್ಲಿ ನನಗೊಂದು ಹೊಸ ಸ್ಟೂಲು ಹಾಕಿಸಿದಳು. ಬಸ್ಸುಗಳು ನಿಲ್ಲುವ ಕಡೆಗೇ ಮುಖ ಮಾಡಿ.

ಕಲ್ಲು ಕೊಡಲೋ ಬೇಡವೋ ಎಂದು ಚೆನ್ನಾಜಮ್ಮನವರು ಎಲ್ಲರನ್ನೂ ಕೇಳಿದರು. ಜಗಲಿಯಲ್ಲಿ ಕೂತು ಮೊಣಕೈ ಒತ್ತಿಕೊಳ್ಳುತ್ತ, ಚೆಲುವಯ್ಯನವರನ್ನು ಕೇಳಿದರು, ಸುಬ್ಬಕ್ಕನನ್ನು ಕೇಳಿದರು, ಗಿರಣಿಯವರನ್ನು ಕೇಳಿದರು, ಹಾಲು ಹಾಕಲು ಬಂದವರನ್ನೂ ಕೇಳಿದರು. ಎಲ್ಲರೂ "ನಿಮ್ಮಿಷ್ಟ ಅಮ್ಮಾವ್ರೇ" ಎಂದರು. ನನ್ನನ್ನು ಕೇಳಲಿಲ್ಲ. ಅವರ ತಪ್ಪಲ್ಲ. ನಾನು ಅಲ್ಲೇ ಕಂಬದ ಪಕ್ಕ ನಿಂತಿದ್ದೆ, ಕಂಬವನ್ನೂ ಅವರು ಕೇಳಲಿಲ್ಲ.

ಆ ಮೇಲಿನ ದಿನಗಳಲ್ಲಿ ನಾನು ಕಲ್ಲಿಗೆ ಹೇಳಲು ನೋಡಿದೆ. ಚೆಲುವಯ್ಯನವರು ಎದ್ದು ಹೋದ ಮೇಲೆ, ಗೋಂದು ಬಳಿಯುವ ಮೊದಲು, ಬಗ್ಗಿ ಪಿಸುಗುಟ್ಟುತ್ತಿದ್ದೆ. 'ದಯವಿಟ್ಟು ಕಲ್ಲುಗಳನ್ನು ಕೊಡಬೇಡಿ.' ನಾಮಕರಣದ ಕಾಗದ ಅಚ್ಚಾಗಿ ಬಂತು, ಅಂಚು ಖಾಲಿ. 'ನನ್ನನ್ನು ಕೆಲಸದಿಂದ ತೆಗೆಯಬೇಡಿ ಎಂದು ವಿನಂತಿ.' ಸೋಡಾ ಅಂಗಡಿಯ ಚೀಟಿ ಬಂತು, ಖಾಲಿ. ನನ್ನ ಮಾತು ನನ್ನಷ್ಟೇ ಒಣಗಿತ್ತು. ಅಷ್ಟು ಮರ್ಯಾದೆಯ ಮಾತನ್ನು ನಮ್ಮ ಕಲ್ಲು ಮೂಸಿಯೂ ನೋಡುವುದಿಲ್ಲ ಎಂದು ನನಗೆ ತಿಳಿಯಬೇಕಿತ್ತು.

ಕೊನೆಯ ಕೆಲಸ, ಹೊಸ ಮಷಿನ್ನಿನ ಉದ್ಘಾಟನೆಯ ಗೋಡೆಪತ್ರ. 'ಮಾತು ಹಿಡಿಯದ ಯಂತ್ರ! ಸ್ವಚ್ಛ ಮುದ್ರಣ! ಅಧ್ಯಕ್ಷರ ಅಮೃತ ಹಸ್ತದಿಂದ!' ನಮ್ಮಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಲ್ಲಿನ ಮೇಲೆ ಚೆಲುವಯ್ಯನವರು ಮಲ್ಲರಾಜಯ್ಯನವರ ಮುಖವನ್ನು ಬರೆದಿದ್ದರು. ಅಗಲವಾದ ಹಣೆ, ಖಾಲಿ ಹೊಲದಂತೆ. ಅದಕ್ಕೆ ಗೋಂದು ಬಳಿಯಲು ನಾನು ಬಟ್ಟಲು ಹಿಡಿದು ಬರುವಾಗ ಜಗಲಿಯಲ್ಲಿ ಇಮ್ತಿಯಾಜ್ ಟೇಪು ಹಿಡಿದು ಉಳಿದ ಕಲ್ಲುಗಳನ್ನು ಅಳೆಯುತ್ತಿದ್ದರು.

"ಈ ಹುಡುಗಿ ಇನ್ನು ಏನು ಮಾಡ್ತಾಳೆ ಸಾರ್?" ಎಂದು ಅವರು ಕೇಳಿದರು. ಪಾಪ, ಕನಿಕರದಿಂದಲೇ ಕೇಳಿದರು.

ಮಲ್ಲರಾಜಯ್ಯನವರು ನಕ್ಕರು. "ಇವಳೂ ಒಂದು ಕಲ್ಲೇ ಬಿಡ್ರಿ. ಲಾರಿಗೆ ಹಾಕ್ಕೊಂಡ್ಹೋಗಿ."

ನಾನು ಒಳಗೆ ಹೋಗಿ ಬಾಗಿಲು ಹಾಕಿದೆ. ಆ ದೊಡ್ಡ ಹಣೆಯ ಮೇಲೆ ಬಗ್ಗಿದೆ. ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ನಾನು ಯೋಚಿಸಿದ ಮಾತಲ್ಲ, ನನಗೆ ಗೊತ್ತಿದ್ದ ಧ್ವನಿಯೂ ಅಲ್ಲ. ಬಂದ ಮೇಲೆ ಕಲ್ಲಿನ ಮೇಲೆ ಏನೂ ಕಾಣಲಿಲ್ಲ. ಶಾಯಿ ತಾಗುವವರೆಗೆ ಕಾಣುವುದೂ ಇಲ್ಲ. ಅದರ ಮೇಲೆ ಗೋಂದನ್ನು ಚೆನ್ನಾಗಿಯೇ ಬಳಿದೆ.

ಚೆನ್ನಾಜಮ್ಮನವರು ಬಂದು ಉರುಳೆ ಉರುಳಿಸಿದರು. ಮೊದಲು ಮೀಸೆ ಕಪ್ಪಾಯಿತು, ಆಮೇಲೆ ಹುಬ್ಬು, ಆಮೇಲೆ ಹಣೆಯ ಮೇಲೆ ವಿಭೂತಿ ಎಳೆದ ಹಾಗೆ ಮೂರು ಸಾಲು ಎದ್ದು ಬಂತು. ಒಂದು ಹಾಳೆ ಒತ್ತಿ ತೆಗೆದು ಅವರು ಬಾಗಿಲ ಬೆಳಕಿಗೆ ಹೋದರು.

'ನಿಮ್ ತಗಡು ತಗೊಂಡೋಗಿ ನಿಮ್ ಕಕ್ಕಸಿಗೆ ಹೊದಿಸ್ಕೊಳಿ.
ಈ ಕಲ್ಲು ಎಲ್ಗೂ ಬರಲ್ಲ.
ನಾನೂ ಬರಲ್ಲ.'

ಅಕ್ಷರಗಳು ನೆಟ್ಟಗೆ ನಿಂತಿದ್ದವು. ತಲೆಕಟ್ಟುಗಳು ಉದ್ದಕ್ಕೆ, ಯಾರೋ ಸೊಂಟಕ್ಕೆ ಸೆರಗು ಕಟ್ಟಿ ನಿಂತ ಹಾಗೆ. ಅಂಥ ಬರಹವನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಚೆನ್ನಾಜಮ್ಮನವರು ಅದನ್ನು ನೋಡಿದರು, ಕಿಟಕಿಯ ಗೋಣಿಯನ್ನು ನೋಡಿದರು, ಚೆಲುವಯ್ಯನವರ ಉಬ್ಬಿದ ಕೆನ್ನೆಯನ್ನು ನೋಡಿದರು. ನನ್ನ ಕಡೆ ನೋಡಿ ಮೂಗು ಮುಟ್ಟಿದರು. ನೀರು ತಂದುಕೊಟ್ಟೆ. ಕಲ್ಲು ಹಿಡಿದದ್ದನ್ನು ಅಚ್ಚಾಗುವ ಮೊದಲೇ ಉಜ್ಜಿ ತೆಗೆದು ಮತ್ತೆ ಬರೆಯಲು ನಮ್ಮ ಊರಿನಲ್ಲಿ ಯಾರೂ ಒಪ್ಪುವುದಿಲ್ಲ. ಒಪ್ಪಿದರೂ ಉದ್ಘಾಟನೆ ನಾಳೆಯೇ. ಗೋಡೆಪತ್ರಗಳೆಲ್ಲ ಹಾಗೆಯೇ ಅಚ್ಚಾದವು.

ಬೆಳಗಾಗುವಷ್ಟರಲ್ಲಿ ಊರು ಗೋಡೆಗಳ ಮುಂದೆ ಗುಂಪು ಗುಂಪಾಗಿ ನಿಂತಿತ್ತು. ಓದಲು ಬಾರದವರು ಓದಿಸಿಕೊಂಡರು, ಓದಿದವರು ಇನ್ನೊಮ್ಮೆ ಓದಲು ಬಂದರು. ಮಕ್ಕಳಿಗೆ ಬಾಯಿಪಾಠವಾಗಿತ್ತು. ಹಾಲಿನ ಲೆಕ್ಕದ ಜಗಳದಲ್ಲೂ 'ನಾನೂ ಬರಲ್ಲ' ಎನ್ನುವುದು ಶುರುವಾಯಿತು. ಯಾರು ಅಂದದ್ದು ಎಂಬುದೇ ಪ್ರಶ್ನೆ. ಇದು ಗಂಡಸಿನ ತಲೆಕಟ್ಟು ಎಂದು ಕೆಲವರು. ಗಂಡಸರಿಗೆ ಇಷ್ಟು ಧೈರ್ಯ ಎಲ್ಲಿಂದ ಎಂದು ಸುಬ್ಬಕ್ಕ.

ಲಾರಿ ಬಂತು. ಅದರ ಮೇಲೆ ಟಾರ್ಪಾಲು ಹೊದ್ದ ಮಷಿನ್. ಮಲ್ಲರಾಜಯ್ಯನವರು ಹಣೆ ಮುಚ್ಚುವಂತೆ ಪೇಟ ಸುತ್ತಿಕೊಂಡು ಬಂದಿದ್ದರು. "ಯಾರಂತ ಗೊತ್ತಾಯ್ತಾ? ಗೊತ್ತಾಗ್ಲಿ, ನೀರಿನ ನಲ್ಲಿ ಕಿತ್ತಾಕಿಸ್ತೀನಿ."

ಚೆನ್ನಾಜಮ್ಮನವರು ಲಾರಿಯ ಮುಂದೆ ಬಂದು ನಿಂತರು. "ಕಲ್ಲು ಎತ್ತೋಕೆ ಮುಂಚೆ ನಂಗೊಂದು ತಿಳೀಬೇಕು. ನಾನು ಊರನ್ನೆಲ್ಲ ಕೇಳ್ದೆ. ಕೊಡಬೇಡಿ ಅಂತ ಒಬ್ಬರೂ ಅನ್ಲಿಲ್ಲ. ನಿಮ್ಮಿಷ್ಟ, ನಿಮ್ಮಿಷ್ಟ! ನನ್ನಿಷ್ಟ ನಂಗೊತ್ತಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ? ಬೇಡ ಅನ್ನೋರು ಒಬ್ಬರಿದಾರೆ ಅಂತ ಈಗ ಗೊತ್ತಾಗಿದೆ. ಅವರು ಎದುರಿಗೆ ಬಂದು ಅಂದ್ರೆ ಕಲ್ಲು ಉಳೀತದೆ. ಪುರಸಭೆ ಕೆಲಸ ಹೋದ್ರೆ ಹೋಗ್ಲಿ. ಬರ್ಲಿಲ್ವಾ, ಎತ್ತಿಬಿಡಿ. ಹೆಸರಿಲ್ಲದ ಮಾತಿಗೆ ನಾನು ಅಚ್ಚುಕೂಟ ಒತ್ತೆ ಇಡಲ್ಲ."

ನಾನು ಆ ಬೆಳಗ್ಗೆ ಉಜ್ಜಿಟ್ಟಿದ್ದ ಕಲ್ಲನ್ನು ಜಗಲಿಗೆ ತರಿಸಿದರು. ಬಂದವರೆಲ್ಲ ಒಂದೊಂದು ಮಾತು ಅದರ ಮೇಲೆ ಆಡಬೇಕು, ಬರಹ ಹೋಲಿಸಿ ನೋಡುವುದು. ಗೋಡೆಯ ಮಾತು ಅಷ್ಟು ಹೆಸರಾಗಿದ್ದರಿಂದ ಅದು ತಮ್ಮದಾದರೆ ಚೆನ್ನ ಎಂದು ಅರ್ಧ ಊರಿಗೆ ಆಸೆ. ನಲ್ಲಿಯ ಭಯವನ್ನೂ ಮರೆತು ಸಾಲು ನಿಂತರು. ಮೊದಲಿಗೆ ಸುಬ್ಬಕ್ಕ ಬಂದು ಕಲ್ಲಿನ ಮೂಲೆಗೆ ಬಾಯಿಟ್ಟು ಏನೋ ಅಂದು, ಎದೆ ಸೆಟೆಸಿ ಪಕ್ಕಕ್ಕೆ ನಿಂತಳು. ಗಿರಣಿಯವರು ಬಂದರು, ಸೋಡಾ ಅಂಗಡಿಯವರು ಬಂದರು. ಚೆಲುವಯ್ಯನವರು ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದರು. ಇಮ್ತಿಯಾಜ್ ಕೂಡ ಸಾಲಿನಲ್ಲಿ ನಿಂತು, ಈ ಸಲ ಚಪ್ಪಲಿ ಹಾಕಿಕೊಂಡು ಬಂದಿದ್ದೇನೆಂದು ಹೇಳಿ ಎಲ್ಲರನ್ನೂ ನಗಿಸಿದರು.

ನಾನು ಗೋಂದಿನ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಸಾಲು ಮುಗಿಯಿತು.

"ಇನ್ಯಾರಿದಾರೆ?" ಎಂದರು ಚೆನ್ನಾಜಮ್ಮನವರು.

"ಈ ಹುಡುಗಿ?" ಎಂದು ಇಮ್ತಿಯಾಜ್ ನನ್ನ ಕಡೆ ಕೈ ತೋರಿಸಿದರು.

ಜನ ಗೊಳ್ಳೆಂದು ನಕ್ಕರು. ಗುಂಪಿನಲ್ಲಿದ್ದ ನನ್ನ ಅತ್ತೆಯೂ ನಕ್ಕಳು. "ಅದಾ? ಅದರ ಬಾಯಲ್ಲಿ ಏನಿದೆ ಬುಡಿ ಸ್ವಾಮಿ." ಚೆನ್ನಾಜಮ್ಮನವರೂ ನನ್ನ ಬೆನ್ನು ತಟ್ಟಿ, "ಇವಳನ್ನ ಬಿಡಿ, ಪಾಪ. ಗೋಂದು ಬಳಿಯಮ್ಮ" ಎಂದರು.

ಗೋಂದು ಬಳಿದರೆ ಮುಗಿಯಿತು. ಕಲ್ಲಿಗೆ ಏನೂ ಕೇಳಿಸುವುದಿಲ್ಲ. ಲಾರಿಯ ಹಿಂಬಾಗಿಲು ತೆರೆದೇ ಇತ್ತು. ಸುಮ್ಮನಿದ್ದರೆ ನನ್ನನ್ನು ಯಾರೂ ಹಿಡಿಯುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ನನ್ನ ಸ್ಟೂಲು ಕಾಯುತ್ತಿತ್ತು. ಬಟ್ಟಲನ್ನು ಒಂದು ಕೈಗೆ ತೆಗೆದುಕೊಂಡು, ಇನ್ನೊಂದು ಅಂಗೈಯನ್ನು ಕಲ್ಲಿನ ಮೇಲೆಯೇ ಊರಿದೆ. ಬರಿಗೈ ತಾಗಿಸಬಾರದೆಂದು ಮೊದಲ ದಿನವೇ ಕಲಿತಿದ್ದ ಪಾಠ ಅದು, ಕೈಯ ಜಿಡ್ಡೂ ಅಚ್ಚಾಗುತ್ತದೆ. ಚೆನ್ನಾಜಮ್ಮನವರು "ಏಯ್!" ಎಂದರು. ಊರೆಲ್ಲ ನನ್ನ ಕಡೆ ನೋಡಿತು.

"ನನ್ನನ್ನೂ ಕೇಳಿ" ಎಂದೆ.

ಸಣ್ಣ ಧ್ವನಿಯಲ್ಲೇ ಅಂದದ್ದು. ಆದರೂ ಹಿಂದಿನ ಸಾಲಿನವರು ಕೂಡ ನಗು ನಿಲ್ಲಿಸಿದರು. ನನ್ನ ಕೈಯಲ್ಲಿ ಬಟ್ಟಲಿತ್ತಲ್ಲ, ಹಾಗೆಯೇ ಗೋಂದು ಬಳಿದುಬಿಟ್ಟೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಹಾಳೆ ಒತ್ತಿ ತೆಗೆದಾಗ ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು. ಬಾಗಿದ ಅಕ್ಷರಗಳಲ್ಲಿ ಸುಬ್ಬಕ್ಕನದು: 'ನಾನೇ ಅಂದದ್ದು, ನಂದೇ ಮಾತು.' ಸುಬ್ಬಕ್ಕ ಸೆರಗು ಬಾಯಿಗೆ ಹಿಡಿದಳು. ಚೆಲುವಯ್ಯನವರದು: 'ಎಷ್ಟು ಚಂದ ಬರೆದ್ರೂ ಮುಂಡೇವು ಅಂಚನ್ನೇ ಓದ್ತವೆ.' ಇಮ್ತಿಯಾಜ್ ಅವರದು: 'ಇಂಥ ಕಲ್ಲೊಂದು ನನ್ನ ಮನೇಲೂ ಇದ್ದಿದ್ರೆ.' ಇವೆಲ್ಲದರ ನಡುವೆ, ಬೆರಳು ಬೆರಳಿನ ಗೆರೆಯೂ ಎದ್ದಿದ್ದ ಒಂದು ಕಪ್ಪು ಅಂಗೈ. ಅದರ ಪಕ್ಕದಲ್ಲಿ, ಸೊಂಟಕ್ಕೆ ಸೆರಗು ಕಟ್ಟಿ ನಿಂತ ಆ ಅಕ್ಷರಗಳಲ್ಲಿ, 'ನನ್ನನ್ನೂ ಕೇಳಿ.'

ಚೆನ್ನಾಜಮ್ಮನವರು ಗೋಡೆಪತ್ರವನ್ನೂ ಹಾಳೆಯನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ಎರಡೂ ಒಂದೇ ಬರಹ ಎಂದು ಎದ್ದು ಕಾಣುತ್ತಿತ್ತು, ಆದರೂ ತುಂಬ ಹೊತ್ತು ನೋಡಿದರು.

"ಯಾವಾಗಿಂದ ಬಾಯಿದೆಯೇ ನಿಂಗೆ?"

"ಮೊದ್ಲಿಂದ" ಎಂದೆ.

"ಕಕ್ಕಸು ಅನ್ನೋ ಮಾತು ಯಾರು ಹೇಳ್ಕೊಟ್ಟಿದ್ದು?"

ಉತ್ತರಕ್ಕೆ ಅವರು ಕಾಯಲಿಲ್ಲ. "ಸರಿ, ಕೇಳ್ತೀನಿ. ಕೊಡ್ಲಾ, ಬೇಡ್ವಾ?"

"ಬೇಡ."

"ಯಾಕೆ?"

ಬಟ್ಟಲು ಕೆಳಗಿಟ್ಟು, ಮರಳು ತೆಗೆದುಕೊಂಡು, ಆ ಕಲ್ಲನ್ನೇ ಉಜ್ಜಲು ಕೂತೆ. ಚೆನ್ನಾಜಮ್ಮನವರು ಲಾರಿಯವನ ಕಡೆ ತಿರುಗಿ ಹಿಂಬಾಗಿಲು ಹಾಕೆಂದು ಕೈಸನ್ನೆ ಮಾಡಿದರು. ಅತ್ತೆ ನನ್ನನ್ನು, ಮನೆಯ ಹಿತ್ತಲಲ್ಲಿ ಇದ್ದಕ್ಕಿದ್ದಂತೆ ಆನೆ ಕಂಡವಳಂತೆ ನೋಡುತ್ತಿದ್ದಳು. ಇಮ್ತಿಯಾಜ್ ಮಷಿನ್ ವಾಪಸು ತೆಗೆದುಕೊಂಡು ಹೋದರು, ಹೋಗುವ ಮುಂಚೆ ಆ ಅಂಗೈಯ ಹಾಳೆಯನ್ನು ಕೇಳಿ ಪಡೆದುಕೊಂಡರು. ಮಲ್ಲರಾಜಯ್ಯನವರು ನಮ್ಮ ನಲ್ಲಿ ಕೀಳಿಸಲು ಜವಾನನನ್ನು ಕಳಿಸಿದರು. ಅವನು ಬಂದು, 'ನಾನೂ ಬರಲ್ಲ' ಎಂದು ತಾನೇ ಹೇಳಿಕೊಂಡು ನಕ್ಕು, ಕಾಫಿ ಕುಡಿದು ಹೋದ.

ಪುರಸಭೆಯ ಕೆಲಸ ಪೇಟೆಗೆ ಹೋಯಿತು. ನಮಗೆ ಕಷ್ಟವಾಗಲಿಲ್ಲ ಎಂದರೆ ಸುಳ್ಳು. ಚೆನ್ನಾಜಮ್ಮನವರು ಕಾಫಿಗೆ ಬೆಲ್ಲ ಹಾಕಿಸಿದರು, ಶಾಯಿಯನ್ನು ಅಳೆದು ಕೊಟ್ಟರು. ಪೇಟೆಯಿಂದ ಅಧ್ಯಕ್ಷರ ನೋಟೀಸುಗಳು ಸ್ವಚ್ಛವಾಗಿ, ಬಣ್ಣ ಬಣ್ಣವಾಗಿ ಬಂದವು. ಅಂಟಿಸಿದ ಮಧ್ಯಾಹ್ನವೇ ಅವುಗಳಲ್ಲಿ ಕಡಲೆಕಾಯಿ ಕಟ್ಟಿ ಮಾರುತ್ತಿದ್ದರು. ಕಂದಾಯ ಕಟ್ಟಬೇಕೆಂದು ಊರಿಗೆ ತಿಳಿಯಲೇ ಇಲ್ಲ.

ಮೊನ್ನೆ ಮಲ್ಲರಾಜಯ್ಯನವರು ನಮ್ಮ ಜಗಲಿ ಹತ್ತಿದರು. ಪೇಟ ಇರಲಿಲ್ಲ. ಚೆನ್ನಾಜಮ್ಮನವರು ಏನೂ ಕೇಳದೆ ಒಳಗೆ ಕೈ ತೋರಿಸಿದರು. ಅವರು ಮತ್ತೆ ನಮಗೇ ಕಳಿಸಿದ್ದ ಕಂದಾಯದ ನೋಟೀಸನ್ನು ಚೆಲುವಯ್ಯನವರು ಬರೆದು ಎದ್ದಿದ್ದರು, ನಾನು ಗೋಂದು ಕದಡುತ್ತಿದ್ದೆ. ಮಲ್ಲರಾಜಯ್ಯನವರು ಬಾಗಿಲಾಚೆಗೇ ನಿಂತು, ಬೆರಳಲ್ಲಿ ನನ್ನನ್ನು ಹೊರಗೆ ಕರೆದು, ಕಿವಿಯ ಹತ್ತಿರ ಬಗ್ಗಿದರು.

"ನೋಡಮ್ಮ ದೇವೀರಮ್ಮ." ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ. "ಅಂಚಲ್ಲಿ ನಿಂದೊಂದು ಮಾತಿದ್ರೆ ಜನ ಓದ್ತಾರೆ. ಏನಾದ್ರೂ ಒಂದು ಅಂದ್ಬಿಡು. ಏನು ಬೇಕಾದ್ರೂ ಅನ್ನು. ನನ್ನ ವಿಷ್ಯ ಒಂದು ಬಿಟ್ಟು."

ನಾನು ತಲೆಯಾಡಿಸಿದೆ. ಒಳಗೆ ಹೋಗಿ, ಬಟ್ಟಲನ್ನು ದೂರ ಇಟ್ಟು, ಕೂದಲು ಹಿಂದಕ್ಕೆ ಸರಿಸಿ, ಕಲ್ಲಿನ ಮೇಲೆ ಬಗ್ಗಿದೆ. ಮಲ್ಲರಾಜಯ್ಯನವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನಗೆ ಅವಸರವಿರಲಿಲ್ಲ. ಅವರನ್ನು ಒಮ್ಮೆ ಹಣೆಯಿಂದ ಕಾಲಿನವರೆಗೆ ನೋಡಿ, ನಿಧಾನವಾಗಿ ಉಸಿರೆಳೆದುಕೊಂಡೆ.